ಹೊಳೆಯ ಅಗಲ ಎಷ್ಟು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸಬೇಕೆಂದು ಶಾಲೆಯಿಂದ ಫೋನ್ ಬಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ನನ್ನದು ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಕನ್ನಡದಲ್ಲಿ ನಾಲ್ಕು ಪುಟ ಬರೆದು ಹತ್ತು ವರ್ಷದ ಮೇಲಾಗಿತ್ತು. ಆದರೂ ಕೂಡಲೇ ಒಪ್ಪಿಕೊಂಡೆ. ಯಾಕೆಂದರೆ ಈ ಶಾಲೆಗೆ ನಾನು ಒಂದು ಹೋಮ್‌ವರ್ಕ್ ಬಾಕಿ ಉಳಿಸಿಕೊಂಡಿದ್ದೇನೆ.

ಒಂಬತ್ತನೇ ಇಯತ್ತೆಯಲ್ಲಿ ಸಮಾಜ ವಿಜ್ಞಾನದ ಗುರುಗಳು ಒಂದು ದಿನ ಮಲಪ್ರಭೆಯ ಪಾಠ ಹೇಳುತ್ತಿದ್ದರು. ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ, ಉದ್ದ 304 ಕಿಲೋಮೀಟರ್ ಎಂದು ನಾವೆಲ್ಲ ಗಿಳಿಪಾಠ ಒಪ್ಪಿಸಿದೆವು. ಗುರುಗಳು ಪುಸ್ತಕ ಮುಚ್ಚಿ ಕೇಳಿದರು: “ಉದ್ದ ಗೊತ್ತಾತು. ಅಗಲ ಎಷ್ಟ?” ಇಡೀ ವರ್ಗ ಸುಮ್ಮನಾಯಿತು. ದಿನಾ ಕಣ್ಣಿಗೆ ಬೀಳುವ ಹೊಳೆಯ ಅಗಲ ಒಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ರವಿವಾರ ನಾವು ನಾಲ್ವರು ಹುಡುಗರು ಹೊಳೆಗೆ ಹೋಗಿ ಅಳೆದೆವು. ಮಾರ್ಚ್ ತಿಂಗಳು. ಮೊಣಕಾಲುಮಟ್ಟ ನೀರು. ಈ ದಂಡೆಯಿಂದ ಆ ದಂಡೆಗೆ ಎಪ್ಪತ್ತೆರಡು ಹೆಜ್ಜೆ ಎಂದು ಬರೆದುಕೊಂಡು ಬಂದು ಹೆಮ್ಮೆಯಿಂದ ತೋರಿಸಿದೆವು. ಗುರುಗಳು ನಕ್ಕರು. “ಇದು ಬ್ಯಾಸಗಿ ಅಗಲ. ಹೊಳಿ ವರ್ಷಕ್ಕ ಹನ್ನೆರಡು ತಿಂಗಳು ಇರತೈತಿ. ಮನಿಯೊಳಗ ಹಿರಿಯರನ್ನ ಕೇಳಿಕೊಂಡು ಬರ್ರಿ” ಅಂದರು. ಅಷ್ಟರಲ್ಲಿ ಪರೀಕ್ಷೆ ಬಂತು. ಕೇಳುವುದು ಉಳಿದುಹೋಯಿತು. ಅದನ್ನು ಇಪ್ಪತ್ತು ವರ್ಷ ತಡವಾಗಿ ಈಗ ಒಪ್ಪಿಸುತ್ತಿದ್ದೇನೆ.

ಬೇಸಿಗೆಯ ದಾರಿಗಳು

ಹುಬ್ಬಳ್ಳಿಯಿಂದ ನವಲಗುಂದ, ನರಗುಂದದ ಮೇಲೆ ವಿಜಯಪುರಕ್ಕೆ ಹೋಗುವ ಹೆದ್ದಾರಿ ನಮ್ಮೆಲ್ಲರಿಗೂ ಗೊತ್ತು. ಮೊದಲು ಅದರ ನಂಬರು 218 ಇತ್ತು. ಈಗ ಅದು 52ನೇ ರಾಷ್ಟ್ರೀಯ ಹೆದ್ದಾರಿಯ ಭಾಗ. ಕರಾವಳಿಯ ಅಂಕೋಲೆಯಿಂದ ಪಂಜಾಬಿನ ಸಂಗ್ರೂರಿನವರೆಗೆ ಹೋಗುವ ಆ ದೊಡ್ಡ ರಸ್ತೆ ನಮ್ಮ ನರಗುಂದ ತಾಲೂಕಿನ ಕೊಣ್ಣೂರು ದಾಟಿದ ಮೇಲೆ ಮಲಪ್ರಭೆಯನ್ನು ಹಾಯುತ್ತದೆ. ಹೊಳೆಯ ಆಚೆ ಬಾದಾಮಿ ತಾಲೂಕಿನ ಗೋವನಕೊಪ್ಪ. ತಗ್ಗಿನಲ್ಲಿ ಹಳೆಯ ಸೇತುವೆ, ಅದರ ಪಕ್ಕಕ್ಕೆ ಎತ್ತರದ ಹೊಸ ಸೇತುವೆ. ಹಳೆಯದು ಮುಳುಗಿತೆಂದರೆ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಂದೇ ನಮ್ಮ ಲೆಕ್ಕ. ಅದೇ ರಸ್ತೆ ಮುಂದೆ ಅನಗವಾಡಿಯಲ್ಲಿ ಘಟಪ್ರಭೆಯನ್ನೂ ಕೊಲ್ಹಾರದಲ್ಲಿ ಕೃಷ್ಣೆಯನ್ನೂ ದಾಟುತ್ತದೆ. ಒಂದೇ ರಸ್ತೆಗೆ ಮೂರು ಹೊಳೆ.

ಸೇತುವೆ ಇಲ್ಲದ ಕಾಲದಲ್ಲಿ ಜನ ಹೇಗೆ ದಾಟುತ್ತಿದ್ದರು? ಅಜ್ಜ ಹೇಳುತ್ತಿದ್ದ ಪ್ರಕಾರ ದೀಪಾವಳಿಯಿಂದ ಜೇಷ್ಠದವರೆಗೆ ಚಕ್ಕಡಿ ಹೂಡಿಕೊಂಡು ಹೊಳೆಯೊಳಗೇ ಹಾಯುತ್ತಿದ್ದರು. ಮಳೆಗಾಲದಲ್ಲಿ ಹರಗೋಲು. ಹೊಳೆ ತುಂಬಿ ಬಂದರೆ ಅದೂ ಇಲ್ಲ. ಆಚೆ ದಂಡೆಯ ಊರು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ.

ನಮ್ಮ ಆಯಿಯ ತವರು ಆಚೆ ದಂಡೆ, ಬಾದಾಮಿ ತಾಲೂಕು. ಈ ಭಾಗದಲ್ಲಿ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ತವರಿನಲ್ಲಿ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಆದರೆ ಪಂಚಮಿ ಬರುವುದು ಶ್ರಾವಣದಲ್ಲಿ, ಹೊಳೆ ತುಂಬುವುದೂ ಶ್ರಾವಣದಲ್ಲಿ. ಮದುವೆಯಾದ ಮೊದಲ ವರ್ಷ ಆಯಿಯ ಅಣ್ಣ ಆಚೆ ದಂಡೆಗೆ ಬಂದು ಕೈಯೆತ್ತಿ ಸನ್ನೆ ಮಾಡಿ ಹಿಂದಕ್ಕೆ ಹೋದನಂತೆ. ಈಚೆ ದಂಡೆಯಲ್ಲಿ ಆಯಿ ಗಂಟು ಹಿಡಿದು ನಿಂತಿದ್ದಳಂತೆ. “ಬ್ರಿಜ್ ಆದ ಮ್ಯಾಲೆ ಪಂಚಮಿ ತಪ್ಪಿಸಲಿಲ್ಲ ನೋಡ” ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಸೇತುವೆಯ ಇತಿಹಾಸವನ್ನು ಸಿಮೆಂಟು, ಕಬ್ಬಿಣದ ಲೆಕ್ಕದಲ್ಲಿ ಬರೆಯುವವರು ಇದನ್ನೂ ಒಂದು ಸಾಲು ಬರೆಯಬೇಕು.

ನಾವು ಶಾಲೆಯಲ್ಲಿ ಕಲಿತ ಇತಿಹಾಸವೂ ಹೆಚ್ಚಾಗಿ ಬೇಸಿಗೆಯ ದಾರಿಗಳ ಇತಿಹಾಸವೇ. ವಿಜಯದಶಮಿಗೆ ಸೀಮೋಲ್ಲಂಘನ ಮಾಡಿ ದಂಡು ಹೊರಡುತ್ತಿದ್ದುದು ಹೊಳೆ ಇಳಿದ ಮೇಲೆ ಎಂಬ ಕಾರಣಕ್ಕೂ ಹೌದು. ಮರಾಠರೂ ಟಿಪ್ಪುವೂ ಬಾದಾಮಿ, ನರಗುಂದಗಳಿಗಾಗಿ ಕಾದಾಡಿ 1787ರಲ್ಲಿ ನಮ್ಮ ಗಜೇಂದ್ರಗಡದಲ್ಲಿ ಒಪ್ಪಂದ ಮಾಡಿಕೊಂಡರು. 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬರ ದಂಡು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದದ್ದೂ ಮಳೆಗಾಲಕ್ಕೆ ಮೊದಲು, ರಾಮದುರ್ಗದಿಂದ ನರಗುಂದಕ್ಕೆ ಬರುವ ದಾರಿಯಲ್ಲಿ.

ಮಳೆಗಾಲಕ್ಕೆ ಅಂಜದ ದಾರಿ ನಮ್ಮ ಭಾಗಕ್ಕೆ ರೈಲಿನಿಂದ ಬಂತು. 1876–78ರ ಭೀಕರ ಬರಗಾಲದಲ್ಲಿ ಧಾರವಾಡ, ವಿಜಾಪುರ ಜಿಲ್ಲೆಗಳಿಗೆ ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಆ ಪಾಠದಿಂದ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಅದು ಹೋಟಗಿಯಿಂದ ಗದಗಿನವರೆಗೆ ಹಾಕಿದ ಮೀಟರ್ ಗೇಜ್ ಹಳಿ 1884ರಲ್ಲಿ ತೆರೆಯಿತು. ಅದೇ ಹಳಿ ರೋಣ ತಾಲೂಕಿನ ಹೊಳೆಆಲೂರಿನ ಬಳಿ ಮಲಪ್ರಭೆಯನ್ನು ದಾಟುತ್ತದೆ. ಈಗ ಬ್ರಾಡ್ ಗೇಜ್ ಆಗಿದೆ.

ಊರ ಹೆಸರುಗಳನ್ನೂ ಒಮ್ಮೆ ನೋಡಿ. ಹೊಳೆಆಲೂರು, ಹೊಳೆಮಣ್ಣೂರು. ಹೆಸರಿಟ್ಟವರು ಹೊಳೆಯನ್ನು ಹೆಸರಿನಲ್ಲೇ ಸೇರಿಸಿ ಇಟ್ಟಿದ್ದಾರೆ. ಅದು ಗುರುತಿಗಾಗಿ ಇಟ್ಟ ಹೆಸರೂ ಹೌದು, ಎಚ್ಚರಿಕೆಯೂ ಹೌದು.

ಹೊಳೆ ಸಣ್ಣದಾಯಿತು

ನಮ್ಮ ಶಾಲೆಗೂ ಸವದತ್ತಿ ತಾಲೂಕಿನ ನವಿಲುತೀರ್ಥ ಜಲಾಶಯಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. 1970ರ ದಶಕದ ಆರಂಭದಲ್ಲಿ ಮುಗಿದ ಆ ಅಣೆಕಟ್ಟಿನ ಪೂರ್ಣ ಮಟ್ಟ 2079.50 ಅಡಿ, ಸಂಗ್ರಹ 37.73 ಟಿಎಂಸಿ. ಕಾಲುವೆಗೆ ನೀರು ಬಂತು. ಬಿಳಿಜೋಳ, ಕಡಲೆ, ಕುಸುಬಿಗಳ ಎರಿಭೂಮಿಯಲ್ಲಿ ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿ ಬಂದವು. ಆ ನೀರಿನ ಹೆಸರಿನಲ್ಲಿ ಹಾಕಿದ ಕರಕ್ಕೆ ಎದುರಾಗಿ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬಂಡೆದ್ದರು. ಆ ಕಥೆಯನ್ನು ನಮ್ಮ ತಾಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ಪ್ರತಿ ವರ್ಷ ವೀರಗಲ್ಲಿನ ಮುಂದೆ ನಿಂತು ನೆನೆಯುತ್ತೇವೆ.

ನಾನು ಹೇಳಬೇಕಾದದ್ದು ಯಾರೂ ನೆನೆಯದ ಇನ್ನೊಂದು ಬದಲಾವಣೆ. ನೀರು ಮೇಲೆ ನಿಂತ ಮೇಲೆ ಕೆಳಗೆ ಹೊಳೆ ಬಡವಾಯಿತು. ವರ್ಷಗಟ್ಟಲೆ ನೆರೆ ಬರಲಿಲ್ಲ. ಹೊಳೆಯ ಪಾತ್ರದಲ್ಲಿ ಜಾಲಿ ಬೆಳೆಯಿತು. ದಂಡೆಯ ಹೊಲದವರು ವರ್ಷಕ್ಕೆ ನಾಲ್ಕು ಸಾಲು ಮುಂದಕ್ಕೆ ಉತ್ತರು. ಒಬ್ಬರು ಉತ್ತದ್ದನ್ನು ನೋಡಿ ಪಕ್ಕದವರು ಉತ್ತರು. ಹೊಳೆಯ ಮಣ್ಣು ಹೊನ್ನಿನಂಥ ಮಣ್ಣು, ಗೊಬ್ಬರ ಬೇಡ.

ಇದರಲ್ಲಿ ನಮ್ಮ ಮನೆಯ ಪಾಲೂ ಇದೆ ಎಂದು ಇಲ್ಲಿಯೇ ಬರೆದುಬಿಡುತ್ತೇನೆ. ನಮ್ಮ ಹೊಲದ ಕೆಳಗಿನ ತುಂಡನ್ನು ಅಪ್ಪ ಹೊಳೆಯ ಕಡೆಗೆ ಬೆಳೆಸಿದರು. ಅಲ್ಲಿ ಹಾಕಿದ ಉಳ್ಳಾಗಡ್ಡಿ ಮಾರಿದ ರೊಕ್ಕದಲ್ಲಿಯೇ ಬಾಗಲಕೋಟೆಯಲ್ಲಿ ನನ್ನ ಬಿ.ಇ. ಫೀ ಕಟ್ಟಿದ್ದು. ಹೊಳೆಯ ಜಾಗದಲ್ಲಿ ಬೆಳೆದ ಬೆಳೆಯಿಂದ ಎಂಜಿನಿಯರ್ ಆದವನು ನಾನು. ಆದ್ದರಿಂದ ಈ ಲೇಖನದಲ್ಲಿ ಬೇರೆಯವರ ಕಡೆಗೆ ಬೆರಳು ತೋರಿಸುವಾಗ ನನ್ನ ಕೈ ಸ್ವಲ್ಪ ನಡುಗುತ್ತದೆ.

2009

ಬಿ.ಇ. ಮೂರನೇ ವರ್ಷದಲ್ಲಿದ್ದೆ. ಪ್ರತಿ ಶನಿವಾರ ಊರಿಗೆ, ಸೋಮವಾರ ಬೆಳಗ್ಗೆ ಕೆಂಪು ಬಸ್ಸಿನಲ್ಲಿ ಗೋವನಕೊಪ್ಪದ ಸೇತುವೆ ದಾಟಿ ವಾಪಸ್. ಆ ವರ್ಷ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಗಾಂಧಿ ಜಯಂತಿ ಬಂದರೂ ಬಿಡಲಿಲ್ಲ. ಬಸ್ಸು ಕುಳಗೇರಿ ಕ್ರಾಸಿನಲ್ಲಿ ನಿಂತಿತು. ಮುಂದೆ ಹೋಗುವುದಿಲ್ಲ ಅಂದರು. ಊರಿನ ಫೋನುಗಳು ಒಂದೂ ಹತ್ತಲಿಲ್ಲ.

ನಮ್ಮ ಭಾಗಕ್ಕೆ ಆಗ ಎರಡು ಕಡೆಯಿಂದ ನೀರು ಬಂತು. ಒಂದು ಮಲಪ್ರಭೆ. ಇನ್ನೊಂದು ಬೆಣ್ಣೆಹಳ್ಳ. ಶಿಗ್ಗಾಂವಿ ಕಡೆ ಹುಟ್ಟುವ ಈ ಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಭಾಗದ ಎರಿಭೂಮಿಯ ನೀರನ್ನೆಲ್ಲ ಹೊತ್ತು ತಂದು ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಸುರಿಯುತ್ತದೆ. ಇದಕ್ಕೆ ಡ್ಯಾಮ್ ಇಲ್ಲ, ಗೇಟ್ ಇಲ್ಲ, ಮುನ್ಸೂಚನೆಯೂ ಇಲ್ಲ. ನಮ್ಮಲ್ಲಿ ಮೋಡವೇ ಇಲ್ಲದ ದಿನವೂ ಹುಬ್ಬಳ್ಳಿಯಲ್ಲಿ ಸುರಿದ ಮಳೆ ಯಾವಗಲ್ಲಿನ ಬಳಿ ರೋಣ–ನರಗುಂದ ರಸ್ತೆಯನ್ನು ಕಟ್ಟಿಬಿಡುತ್ತದೆ. ಹೊಳೆ ತುಂಬಿ ನಿಂತಾಗ ಹಳ್ಳವೂ ತುಂಬಿ ಬಂದರೆ ಒಳಗೆ ಜಾಗವಿಲ್ಲದೆ ಹಳ್ಳದ ನೀರು ಹಿಂದಕ್ಕೆ ಹರಡುತ್ತದೆ. ಮೆಣಸಗಿ, ಹೊಳೆಆಲೂರು, ಗಾಡಗೋಳಿ, ಅಮರಗೋಳದವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ನಾಲ್ಕು ದಿನದ ಮೇಲೆ ಊರು ಮುಟ್ಟಿದೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ನಮ್ಮ ಮನೆಯ ಹಿತ್ತಲ ಗೋಡೆ ಕುಳಿತಿತ್ತು. ಜೋಳದ ಹಗೇವಿಗೆ ನೀರು ಹೊಕ್ಕು ಹುಳಿವಾಸನೆ ಬರುತ್ತಿತ್ತು. ಮನೆಯವರೆಲ್ಲ ಕ್ಷೇಮವಾಗಿದ್ದರು. ರಾಜ್ಯದಲ್ಲಿ ಆ ನೆರೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೆಳಗೆ ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತ್ತು. ಚಾಲುಕ್ಯರ ಕಲ್ಲು ಸಾವಿರದ ಇನ್ನೂರು ವರ್ಷದಿಂದ ಮುಳುಗಿ ಏಳುತ್ತಿದೆ. ನಮ್ಮ ಮಣ್ಣಿನ ಮನೆಗಳು ಮುಳುಗಿದರೆ ಏಳುವುದಿಲ್ಲ.

ಬಸವಣ್ಣನ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ ಆಯಿ ಅಳಲೂ ಇಲ್ಲ, ಬೈಯಲೂ ಇಲ್ಲ. “ಮೂರನೇ ಪಾವಟಿಗಿಗೆ ನಿಂತಿತು. ನಮ್ಮತ್ತಿ ಹೇಳಿದ್ಲು, ಹೊಳಿ ಮೂರನೇ ಪಾವಟಿಗಿತನಕ ಬರತೈತಿ ಅಂತ. ಹೊಳಿ ಏನೂ ತಪ್ಪ ಮಾಡಿಲ್ಲ. ತನ್ನ ಜಾಗಾ ನೋಡಿಕೊಂಡು ಹೋಗಾಕ ಬಂದಿತ್ತು” ಅಂದಳು. ಮಾರ್ಚ್ ತಿಂಗಳಲ್ಲಿ ನಾವು ಅಳೆದ ಎಪ್ಪತ್ತೆರಡು ಹೆಜ್ಜೆ ಆಗ ನೆನಪಾಯಿತು. ಆ ಗುಡಿಯಿಂದ ಹೊಳೆ ಅರ್ಧ ಮೈಲಿ ದೂರ. ಹೋಮ್‌ವರ್ಕಿಗೆ ಉತ್ತರ ಮನೆಯಲ್ಲೇ ಇತ್ತು. ನಾನು ಕೇಳಿರಲಿಲ್ಲ.

ಲೆಕ್ಕ ಏನು ಹೇಳುತ್ತದೆ

ಹಾಸ್ಟೆಲಿಗೆ ಮರಳಿದ ಮೇಲೆ ಸಿವಿಲ್ ಓದುತ್ತಿದ್ದ ನನ್ನ ರೂಮಿನವನನ್ನು ಕೇಳಿದೆ: ಸೇತುವೆ ಎಷ್ಟು ಉದ್ದ ಇರಬೇಕೆಂದು ಹೇಗೆ ಗೊತ್ತುಮಾಡುತ್ತಾರೆ? ಅವನು ಲೇಸಿಯ ಸೂತ್ರ ಬರೆದು ತೋರಿಸಿದ. ಜೆರಾಲ್ಡ್ ಲೇಸಿ ಭಾರತದಲ್ಲಿ ಕಾಲುವೆಗಳ ಮೇಲೆ ಕೆಲಸ ಮಾಡಿದ ಎಂಜಿನಿಯರ್. 1930ರಲ್ಲಿ ಪ್ರಕಟಿಸಿದ ಅವನ ಸೂತ್ರ ಇಂದಿಗೂ ನಮ್ಮ ಸೇತುವೆಗಳ ಲೆಕ್ಕಕ್ಕೆ ಆಧಾರ. ಮೆಕ್ಕಲು ಮಣ್ಣಿನಲ್ಲಿ ಹರಿಯುವ ಹೊಳೆಗೆ ಎಷ್ಟು ಅಗಲ ಬೇಕು ಎಂಬುದನ್ನು ಅದು ಹರಿಯುವ ನೀರಿನ ಪ್ರಮಾಣದ ವರ್ಗಮೂಲದಿಂದ ಹೇಳುತ್ತದೆ. ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರೋ ಅದರ ವರ್ಗಮೂಲ ತೆಗೆದು 4.8ರಿಂದ ಗುಣಿಸಬೇಕು.

ಒಂದು ಲಕ್ಷ ಕ್ಯುಸೆಕ್ ನೀರು ಬಂತು ಎನ್ನಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್, ಘನ ಮೀಟರಿನಲ್ಲಿ 2,832. ವರ್ಗಮೂಲ 53. ಅದನ್ನು 4.8ರಿಂದ ಗುಣಿಸಿದರೆ ಸುಮಾರು 255 ಮೀಟರ್. ನಾವು ಹುಡುಗರು ಅಳೆದು ಬರೆದ ಅಗಲದ ಐದು ಪಟ್ಟು. ಇದು ಹೊಳೆಯ ಮೈಗೆ ಮಾತ್ರ ಬೇಕಾದ ಅಗಲ. ದಂಡೆ ಮೀರಿ ಎರಡೂ ಕಡೆ ಬಯಲಿಗೆ ಹರಡುವ ನೀರಿನ ಲೆಕ್ಕ ಇದರಲ್ಲಿ ಇಲ್ಲ.

ಸಮಸ್ಯೆ ಇರುವುದು ಆ ಬಯಲಿನಲ್ಲಿ. ಕಾಂಕ್ರೀಟಿನ ಕಣ್ಣುಗಳನ್ನು ಕಟ್ಟುವುದಕ್ಕೆ ಖರ್ಚು ಬಹಳ. ಮಣ್ಣಿನ ಒಡ್ಡು ಹಾಕಿ ಅದರ ಮೇಲೆ ರಸ್ತೆ ಮಾಡುವುದು ಅಗ್ಗ. ಆದ್ದರಿಂದ ಎಲ್ಲ ಕಡೆಯೂ ಹೊಳೆಯ ಪಾತ್ರದ ಮೇಲೆ ಸೇತುವೆ ಕಟ್ಟಿ, ಉಳಿದ ನೆರೆ ಬಯಲಿನ ಮೇಲೆ ಒಡ್ಡು ಹಾಕುವುದು ರೂಢಿ. ಬೇಸಿಗೆಯಲ್ಲಿ ನೋಡಿದರೆ ಅದು ಬರೀ ರಸ್ತೆ. ನೆರೆಯಲ್ಲಿ ಅದೇ ರಸ್ತೆ ಅಡ್ಡ ಕಟ್ಟಿದ ಅಣೆಕಟ್ಟು. ಸಂಜೆ ದೊಡ್ಡಿಗೆ ಬರುವ ಕುರಿಹಿಂಡು ಸಣ್ಣ ಬಾಗಿಲ ಮುಂದೆ ಒತ್ತರಿಸಿ ನಿಲ್ಲುವ ಹಾಗೆ ನೀರು ಸೇತುವೆಯ ಕಣ್ಣುಗಳ ಮುಂದೆ ಒತ್ತರಿಸಿ ಏರುತ್ತದೆ. ಏರಿದ ನೀರು ಹಿಂದಿನ ಊರುಗಳಿಗೆ ನುಗ್ಗುತ್ತದೆ. ಕೊನೆಗೆ ಒಡ್ಡು ಎಲ್ಲಿ ತಗ್ಗಾಗಿದೆಯೋ ಅಲ್ಲಿ ಹತ್ತಿ ಇಳಿದು ರಸ್ತೆಯನ್ನು ಕೊರೆಯುತ್ತದೆ. ಆಗ ಸೇತುವೆ ಗಟ್ಟಿಯಾಗಿ ನಿಂತಿರುತ್ತದೆ, ಅದನ್ನು ಮುಟ್ಟಲು ರಸ್ತೆ ಇರುವುದಿಲ್ಲ.

ನನ್ನ ಕೆಲಸದಲ್ಲಿ ಇದು ದಿನಾ ಕಾಣುವ ತಪ್ಪು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ವೆಬ್‌ಸೈಟ್ ಯಾಕೆ ತೆರೆಯುವುದಿಲ್ಲ? ವರ್ಷದ ಉಳಿದ ದಿನಗಳ ಗಿರಾಕಿಗೆ ತಕ್ಕಂತೆ ಅದನ್ನು ಕಟ್ಟಿರುತ್ತಾರೆ. ಆದರೆ ಅದು ನಿಜವಾಗಿ ಬೇಕಾಗುವುದು ಆ ಒಂದು ದಿನ ಮಾತ್ರ. ವೆಬ್‌ಸೈಟ್ ನಿಂತರೆ ಮಕ್ಕಳು ಒಂದು ತಾಸು ಕಾಯುತ್ತಾರೆ. ಹೊಳೆಯ ವಿಷಯದಲ್ಲಿ ಕಾಯಲು ಬರುವುದಿಲ್ಲ.

ಇನ್ನೊಂದು ಮಾತು. “ಇದು ನೂರು ವರ್ಷಕ್ಕೊಮ್ಮೆ ಬರುವ ನೆರೆ” ಎಂದು ಕೇಳಿದಾಗ ನಾವು ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದುಕೊಳ್ಳುತ್ತೇವೆ. ಅದರ ಅರ್ಥ ಹಾಗಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ನೂರಕ್ಕೆ ಒಂದು. ಈ ವರ್ಷ ಬಂದರೂ ಮುಂದಿನ ವರ್ಷ ಮತ್ತೆ ನೂರಕ್ಕೆ ಒಂದು. ಹೀಗೆ ಲೆಕ್ಕ ಹಾಕಿದರೆ ಐವತ್ತು ವರ್ಷದಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಸುಮಾರು ನಲವತ್ತು. ಐವತ್ತು ವರ್ಷ ಎಂದರೆ ನಮ್ಮ ಶಾಲೆಯ ವಯಸ್ಸು. ಶಾಲೆಯ ಗಣಿತದ ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು: 0.99ನ್ನು ಐವತ್ತು ಸಲ ಗುಣಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ.

ಬಯಲನ್ನೂ ದಾಟುವ ಸೇತುವೆಗಳು

ಹೊಳೆಯನ್ನಷ್ಟೇ ಅಲ್ಲದೆ ಅದು ಹರಡುವ ಬಯಲನ್ನೂ ದಾಟುವ ಸೇತುವೆಯನ್ನು ನೋಡಬೇಕಾದರೆ ನಮ್ಮದೇ ಹೆದ್ದಾರಿಯಲ್ಲಿ ಮುಂದೆ ಹೋಗಿ. ಬೀಳಗಿ ತಾಲೂಕಿನ ಕೊರ್ತಿಯಿಂದ ಕೊಲ್ಹಾರಕ್ಕೆ ಕೃಷ್ಣೆಯ ಮೇಲೆ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆ ಇದೆ. ರಾಜ್ಯದ ಅತಿ ಉದ್ದದ ಸೇತುವೆಗಳಲ್ಲಿ ಅದೂ ಒಂದು. ಬಸ್ಸು ಅದನ್ನು ಹತ್ತಿದ ಮೇಲೆ ಎರಡೂ ಕಡೆ ನೀರೇ ನೀರು, ಬಹಳ ಹೊತ್ತು ದಂಡೆ ಕಾಣುವುದಿಲ್ಲ. ಬೇಸಿಗೆಯ ಕೃಷ್ಣೆ ಅಷ್ಟು ಅಗಲ ಇಲ್ಲ. ಆದರೆ ಆಲಮಟ್ಟಿ ತುಂಬಿದಾಗ ಹಿನ್ನೀರು ಬಯಲಿಗೆಲ್ಲ ಹರಡುತ್ತದೆ, ಅಲ್ಲಿಯ ಹಳೆಯ ಸೇತುವೆ ಮುಳುಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಆದ್ದರಿಂದ ಹೊಸದನ್ನು ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಅಳೆದು ಕಟ್ಟಿದರು. ಒಂದೇ ರಸ್ತೆಯಲ್ಲಿ ಎರಡು ಸೇತುವೆ. ಕೃಷ್ಣೆಯ ಅಗಲವನ್ನು ತುಂಬಿದ ದಿನ ಅಳೆದರು, ನಮ್ಮ ಮಲಪ್ರಭೆಯ ಅಗಲವನ್ನು ಬೇಸಿಗೆಯಲ್ಲಿ ಅಳೆದ ಹಾಗಿದೆ.

2017ರ ಫೆಬ್ರುವರಿಯಲ್ಲಿ ಕಂಪನಿ ಕೆಲಸದ ಮೇಲೆ ಅಮೆರಿಕೆಯ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಡೇವಿಸ್ ಎಂಬ ಊರಿನಿಂದ ಆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಗುವ ದಾರಿಯಲ್ಲಿ ಯೋಲೊ ಕಾಸ್‌ವೇ ಎಂಬ ಸುಮಾರು ಮೂರು ಮೈಲಿ ಉದ್ದದ ಹೆದ್ದಾರಿ ಸೇತುವೆ ಬಂತು. ಕೆಳಗೆ ಕಡಲಿನ ಹಾಗೆ ನೀರು. ಇದು ಯಾವ ಹೊಳೆ ಎಂದು ಕೇಳಿದೆ. ಕಾರು ಓಡಿಸುತ್ತಿದ್ದ ಸಹೋದ್ಯೋಗಿ, ಇದು ಹೊಳೆಯಲ್ಲ, ಹೊಲ ಅಂದ. ಬೇಸಿಗೆಯಲ್ಲಿ ಅಲ್ಲಿ ಭತ್ತ ಬೆಳೆಯುತ್ತಾರೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಸ್ಯಾಕ್ರಮೆಂಟೊ ಹೊಳೆ ತುಂಬಿದಾಗ ಹೆಚ್ಚಾದ ನೀರನ್ನು ಊರಿಗೆ ನುಗ್ಗದಂತೆ ಆ ಬಯಲಿಗೆ ಬಿಡುತ್ತಾರೆ. ರಸ್ತೆ ಆ ಇಡೀ ಬಯಲನ್ನು ಕಂಬಗಳ ಮೇಲೆ ದಾಟುತ್ತದೆ. ಅಲ್ಲಿ ಮೊದಲ ಸೇತುವೆ ಕಟ್ಟಿದ್ದು 1916ರಲ್ಲಿ. ನನಗೆ ಅಪ್ಪನ ಉಳ್ಳಾಗಡ್ಡಿ ಹೊಲ ನೆನಪಾಯಿತು. ಹೊಳೆಯ ಜಾಗದಲ್ಲಿ ಬೆಳೆ ತೆಗೆಯುವುದೇ ತಪ್ಪಲ್ಲ. ಅದು ಹೊಳೆಯ ಜಾಗ ಎಂಬುದನ್ನು ಮರೆಯುವುದು ತಪ್ಪು.

2019

2019ರ ಆಗಸ್ಟ್ ತಿಂಗಳು. ಪಂಚಮಿ ಆಗಿತ್ತಷ್ಟೇ. ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ನವಿಲುತೀರ್ಥದ ಹೊರಹರಿವು ನೋಡುತ್ತಿದ್ದೆ. ಅಂಕಿ ಗಂಟೆಗಂಟೆಗೂ ಏರುತ್ತಿತ್ತು. ಊರಿಗೆ ಫೋನ್ ಮಾಡಿದರೆ ಎಲ್ಲರ ಬಾಯಲ್ಲೂ ಲಕ್ಷ ಕ್ಯುಸೆಕ್ಕಿನ ಮಾತು. ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ ಎಂಟೂವರೆ ಟಿಎಂಸಿಗೂ ಹೆಚ್ಚು. ತುಂಬಿದ ಇಡೀ ಡ್ಯಾಮು ನಾಲ್ಕೂವರೆ ದಿನದೊಳಗೆ ಖಾಲಿಯಾಗುವಷ್ಟು ನೀರು. ಮೇಲೆ ಮಳೆ ನಿಲ್ಲದಿದ್ದಾಗ ಗೇಟು ತೆರೆಯದೆ ಬೇರೆ ದಾರಿಯೂ ಇರುವುದಿಲ್ಲ.

2009ರ ನಂತರ ಎತ್ತರದ ಜಾಗದಲ್ಲಿ ನಮಗೊಂದು ಆಸರೆ ಮನೆ ಸಿಕ್ಕಿತ್ತು. ಅದರಲ್ಲಿ ನಾವು ಹೊಟ್ಟು, ಮೇವು ತುಂಬಿದ್ದೆವು. ಎತ್ತು, ಎಮ್ಮೆ ಕಟ್ಟಲು ಅಲ್ಲಿ ಜಾಗವಿಲ್ಲ, ಹೊಲ ದೂರ ಎಂದು ಅಪ್ಪ, ಅವ್ವ ಹಳೆಯ ಊರಲ್ಲಿಯೇ ಇದ್ದರು. ನಮ್ಮ ಹಾಗೆ ಎಷ್ಟೋ ಮನೆತನಗಳು. ಅವ್ವನಿಗೆ ಮನೆ ಬಿಡು ಎಂದು ಫೋನಿನಲ್ಲಿ ಗೋಗರೆದೆ. “ಎಮ್ಮಿ ಕಟ್ಟಿಹಾಕಿ ಹೆಂಗ ಹೋಗೂದೋ ತಮ್ಮಾ?” ಅಂದಳು. ಮುಂದೆ ಫೋನ್ ಹತ್ತಲಿಲ್ಲ.

ರಾತ್ರಿ ಬಸ್ಸು ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ನರಗುಂದಕ್ಕೆ ಬಂದೆ. ಮುಂದೆ ಹೆದ್ದಾರಿ ಬಂದ್. ಕೊಣ್ಣೂರಿಗೆ ನೀರು ನುಗ್ಗಿತ್ತು, ವಿಜಯಪುರದ ಕಡೆಯ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಲಖಮಾಪುರ, ವಾಸನ, ಹೊಳೆಆಲೂರುಗಳ ಸುದ್ದಿ ಬರುತ್ತಿತ್ತು, ನಮ್ಮೂರಿನದು ಬರಲಿಲ್ಲ. ಒಂದು ಇಡೀ ದಿನ ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಕಂಡ ಕಂಡವರನ್ನು ಕೇಳುತ್ತ ಕಳೆದೆ. ಹೊಳೆಯ ಅಗಲದ ಲೆಕ್ಕ, ಲೇಸಿಯ ಸೂತ್ರ ಎಲ್ಲ ನನಗೆ ಗೊತ್ತಿತ್ತು. ಅವ್ವ ಎಲ್ಲಿದ್ದಾಳೆಂಬುದು ಗೊತ್ತಿರಲಿಲ್ಲ.

ಸಂಜೆ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆ ಅವ್ವ. “ತಮ್ಮಾ, ನಾ ಸಾಲ್ಯಾಗ ಅದೀನಿ” ಅಂದಳು. ನಮ್ಮ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಎಮ್ಮೆಯನ್ನು ಶಾಲೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದ್ದರಂತೆ. ಮರುದಿನ ಬೇರೆ ಸುತ್ತುದಾರಿಯಿಂದ ಟ್ರ್ಯಾಕ್ಟರ್ ಹತ್ತಿ ಶಾಲೆ ಮುಟ್ಟಿದೆ. ಒಂಬತ್ತನೇ ಇಯತ್ತೆಯ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಹನ್ನೊಂದು ಮನೆಯವರು ಮಲಗಿದ್ದರು. ಕರಿಹಲಗೆಯ ಕೆಳಗೆ ಅವ್ವ ಕೂತಿದ್ದಳು.

ಉತ್ತರ

ನಾವು ಓದುವಾಗ ಈ ಶಾಲೆಯ ಬಗ್ಗೆ ನಮ್ಮದು ಒಂದೇ ತಕರಾರು: ಊರಿಂದ ಬಹಳ ದೂರ, ಅದೂ ದಿನ್ನೆ ಏರಬೇಕು. “ಊರಾಗ ಜಾಗಾ ಇರಲಿಲ್ಲೇನು, ಇಲ್ಲಿ ತಂದು ಕಟ್ಯಾರ” ಎಂದು ಬಿಸಿಲಲ್ಲಿ ಬೈಯುತ್ತ ಏರುತ್ತಿದ್ದೆವು. ಆ ದಿನ ಬಾಗಿಲಲ್ಲಿ ನಿಂತು ಕೆಳಗೆ ನೋಡಿದಾಗ ಉತ್ತರ ಸಿಕ್ಕಿತು. ನೀರು ದಿನ್ನೆಯ ಬುಡಕ್ಕೆ ಬಂದು ನಿಂತಿತ್ತು. ಐವತ್ತು ವರ್ಷದ ಹಿಂದೆ ಈ ಜಾಗ ಕೊಟ್ಟ ಹಿರಿಯರು ಲೇಸಿಯ ಹೆಸರು ಕೇಳಿದವರಲ್ಲ. ಕೆಲವರಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ. ಆದರೆ ಹೊಳೆಯ ಅಗಲ ಬಲ್ಲವರಾಗಿದ್ದರು. ಮಕ್ಕಳನ್ನು ಎಲ್ಲಿ ಕೂಡಿಸಬೇಕೆಂದು ಯೋಚಿಸಿದಾಗ ಅವರು ತುಂಬಿದ ಹೊಳೆಯನ್ನು ನೆನಪಿನಲ್ಲಿಟ್ಟುಕೊಂಡು ಜಾಗ ಆರಿಸಿದರು.

ಮರುವರ್ಷ, 2020ರ ಆಗಸ್ಟಿನಲ್ಲಿಯೂ ಹೊಳೆ ಬಂತು. ಒಂದು ರಸ್ತೆಯನ್ನು ಅಥವಾ ಒಂದು ಡ್ಯಾಮನ್ನು ಇಡೀ ನೆರೆಗೆ ಹೊಣೆ ಮಾಡುವುದು ನ್ಯಾಯವಲ್ಲ. ಮಳೆಯ ಪಾಲಿದೆ, ಬೆಣ್ಣೆಹಳ್ಳದ ಪಾಲಿದೆ, ಜಾಲಿಯ ಪಾಲಿದೆ, ನಮ್ಮ ಉಳ್ಳಾಗಡ್ಡಿ ಹೊಲದ ಪಾಲೂ ಇದೆ. ಆದರೆ ಹೆದ್ದಾರಿಯನ್ನು ಇನ್ನೊಮ್ಮೆ ಅಗಲ ಮಾಡುವಾಗ, ಇನ್ನೊಂದು ಸೇತುವೆ ಕಟ್ಟುವಾಗ, ಒಡ್ಡಿನಲ್ಲಿಯೂ ನೀರು ಹೋಗಲು ಸಾಕಷ್ಟು ಕಣ್ಣುಗಳನ್ನು ಬಿಡಬೇಕೆಂದು ಕೇಳುವ ಹಕ್ಕು ನಮ್ಮೆಲ್ಲರಿಗೂ ಇದೆ. ಹಾಗೆ ಕೇಳಬೇಕಾದರೆ ನಮ್ಮ ಕೈಯಲ್ಲಿ ಲೆಕ್ಕ ಇರಬೇಕು.

ಅದಕ್ಕೇ ಈ ಮಹೋತ್ಸವದ ನೆನಪಿಗೆ ನನ್ನದೊಂದು ಸಣ್ಣ ಕೋರಿಕೆ. ಬಸವಣ್ಣನ ಗುಡಿಯ ಮೆಟ್ಟಿಲಿಗೆ, ಅಗಸಿಗೆ, ಶಾಲೆಯ ದಿನ್ನೆಯ ಬುಡಕ್ಕೆ ಕಲ್ಲು ನೆಟ್ಟು 2009, 2019ರ ನೀರಿನ ಗುರುತು ಕೆತ್ತಿಸೋಣ. ಮುಂದೆ ಬಂದ ನೀರನ್ನೂ ಕೆತ್ತೋಣ. ಪ್ರತಿ ವರ್ಷ ಒಂಬತ್ತನೇ ಇಯತ್ತೆಯ ಮಕ್ಕಳು ಆ ಕಲ್ಲಿನಿಂದ ಹೊಳೆಯವರೆಗೆ ಅಳೆದು ವಹಿಯಲ್ಲಿ ಬರೆಯಲಿ. ಕಲ್ಲಿನ ಖರ್ಚು ನಮ್ಮ ಬ್ಯಾಚಿನದು. ಹೊಳೆಯ ಕಡೆಗೆ ಬೆಳೆಸಿದ ತುಂಡಿನಲ್ಲಿ ಅಪ್ಪ ಈಗ ಬೇಸಿಗೆಯ ಬೆಳೆ ಮಾತ್ರ ಹಾಕುತ್ತಾರೆ. ಮಳೆಗಾಲದಲ್ಲಿ ಅದನ್ನು ಹೊಳೆಗೆ ಬಿಟ್ಟಿದ್ದಾರೆ. ಅವ್ವ ಆಸರೆ ಮನೆಯಲ್ಲಿದ್ದಾಳೆ. ಅಪ್ಪ ಇನ್ನೂ ರಾತ್ರಿ ಹಳೆಯ ಮನೆಗೇ ಮಲಗಲು ಹೋಗುತ್ತಾರೆ. ಆ ಮಾತು ಇನ್ನೂ ಮುಗಿದಿಲ್ಲ.

ಪೂಜ್ಯ ಗುರುಗಳೇ, ಹೋಮ್‌ವರ್ಕ್ ತಡವಾಯಿತು, ಕ್ಷಮಿಸಬೇಕು. ಮಲಪ್ರಭೆಯ ಉದ್ದ 304 ಕಿಲೋಮೀಟರ್. ಅಗಲ: ಬೇಸಿಗೆಯಲ್ಲಿ ಎಪ್ಪತ್ತೆರಡು ಹೆಜ್ಜೆ, ತುಂಬಿದಾಗ ನಮ್ಮ ಶಾಲೆಯ ದಿನ್ನೆಯವರೆಗೆ.